ಚಿಕ್ಕ ಫಲಕ, ದೊಡ್ಡ ಫಲಕ: ಕ್ಯಾಮೆರಾದಲ್ಲಿ ಬೆಳಕಿನ ಲೆಕ್ಕ

ಛಾಯಾಗ್ರಹಣದ ಹವ್ಯಾಸವುಳ್ಳ ವಿದ್ಯಾರ್ಥಿಗಳು ನಾಲ್ವರು ಒಂದೆಡೆ ಸೇರಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕಡಮೆ ಬೆಲೆಯ ಕ್ಯಾಮೆರಾಗಳಲ್ಲಿರುವ ‘ಕ್ರಾಪ್ ಸೆನ್ಸರ್’ ಎಂಬ ಚಿಕ್ಕ ಸಂವೇದಕ ಸಾಕೇ, ಇಲ್ಲವೇ ‘ಫುಲ್ ಫ್ರೇಮ್’ ಎಂದು ಹೆಸರಾದ ದೊಡ್ಡ ಸಂವೇದಕವೇ ಬೇಕೇ? ದೊಡ್ಡದರಲ್ಲಿ ತೆಗೆದ ಚಿತ್ರ ಹೆಚ್ಚು ಚೆನ್ನಾಗಿರುತ್ತದೆಂಬುದು ಸಾಮಾನ್ಯವಾದ ನಂಬಿಕೆ. ಎಷ್ಟು ಚೆನ್ನ, ಯಾವಾಗ ಚೆನ್ನ, ಏತಕ್ಕಾಗಿ ಚೆನ್ನ ಎಂದು ಕೇಳಿದರೆ ಸ್ಪಷ್ಟವಾದ ಉತ್ತರ ಕೊಡುವವರು ವಿರಳ. ಈ ಎರಡು ಬಗೆಯ ಕ್ಯಾಮೆರಾಗಳ ಬೆಲೆಗಳಲ್ಲಿರುವ ಅಂತರವಾದರೋ ಅನೇಕ ಕುಟುಂಬಗಳಿಗೆ ಅಲ್ಪವಲ್ಲ. ಸಾಲ ಮಾಡಿ ದೊಡ್ಡ ಕ್ಯಾಮೆರಾ ಕೊಳ್ಳುವವರೂ, ಅದು ತಮಗಿಲ್ಲವೆಂಬ ಕೊರಗಿನಿಂದ ಕೈಯಲ್ಲಿರುವುದನ್ನೂ ಸರಿಯಾಗಿ ಬಳಸದವರೂ ಉಂಟು. ಆದುದರಿಂದ ಈ ಪ್ರಶ್ನೆಯನ್ನು ಅಭಿಪ್ರಾಯಕ್ಕೆ ಬಿಡದೆ ಲೆಕ್ಕಕ್ಕೆ ಒಳಪಡಿಸುವುದು ಉಚಿತ. ಇದಕ್ಕೆ ಬೇಕಾದ ಗಣಿತವೆಂದರೆ ಭಾಗಾಕಾರ ಮತ್ತು ವರ್ಗಮೂಲ, ಇಷ್ಟೇ.

ಅಳತೆಗಳು ಬಂದ ಬಗೆ

ಕ್ಯಾಮೆರಾದ ಮಸೂರದ ಹಿಂದೆ, ಬಿಂಬ ಬೀಳುವ ಸ್ಥಳದಲ್ಲಿ, ಹಿಂದೆ ಫಿಲ್ಮ್ ಇರುತ್ತಿತ್ತು. ಈಗ ಸಿಲಿಕಾನಿನ ಒಂದು ತೆಳುವಾದ ಫಲಕವಿದೆ. ಇದೇ ಸಂವೇದಕ. ಈ ಲೇಖನದಲ್ಲಿ ಇದನ್ನು ಫಲಕವೆಂದೇ ಕರೆಯೋಣ. ದೊಡ್ಡ ಫಲಕದ ಅಳತೆ 36 ಮಿಲಿಮೀಟರು ಉದ್ದ, 24 ಮಿಲಿಮೀಟರು ಅಗಲ. ಈ ಅಳತೆ ಪ್ರಕೃತಿಯ ಯಾವುದೋ ನಿಯಮದಿಂದ ಬಂದುದಲ್ಲ. ಜರ್ಮನಿಯ ವೆಟ್ಸ್ಲಾರ್ ನಗರದಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಸಂಸ್ಥೆಯ ಆಸ್ಕರ್ ಬಾರ್ನಾಕ್ ಎಂಬ ಕುಶಲಿ ಚಲನಚಿತ್ರದ 35 ಮಿಲಿಮೀಟರು ಅಗಲದ ಫಿಲ್ಮನ್ನು ಸ್ಥಿರಚಿತ್ರಕ್ಕೆ ಬಳಸಲು ಯೋಚಿಸಿದನು. ಚಲನಚಿತ್ರದ ಒಂದು ಚೌಕಟ್ಟು 18 ಮತ್ತು 24 ಮಿಲಿಮೀಟರಿನದು. ಬಾರ್ನಾಕ್ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಅಂಥ ಎರಡು ಚೌಕಟ್ಟುಗಳನ್ನು ಒಂದಾಗಿ ಸೇರಿಸಿದನು. 18ರ ಎರಡರಷ್ಟು 36 ಆಯಿತು. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಈ ‘ಲೈಕಾ’ ಕ್ಯಾಮೆರಾ ಜನರ ಮುಂದೆ ಬಂದಿತು. ಜಗತ್ತಿನ ಛಾಯಾಗ್ರಾಹಕರು ಆ ಅಳತೆಗೆ ಒಗ್ಗಿಹೋದರು.

ಫಿಲ್ಮಿನ ಸ್ಥಾನಕ್ಕೆ ಸಿಲಿಕಾನ್ ಬಂದಾಗ ಒಂದು ತೊಡಕು ಎದುರಾಯಿತು. ಸಿಲಿಕಾನಿನ ದುಂಡುಬಿಲ್ಲೆಯ ಮೇಲೆ ಅಲ್ಲಲ್ಲಿ ಸೂಕ್ಷ್ಮವಾದ ದೋಷಗಳು ಉಳಿಯುತ್ತವೆ. ನುಸಿ ಹಿಡಿದು ಹತ್ತು ತೂತುಗಳಾಗಿರುವ ಒಂದು ಬಟ್ಟೆಯನ್ನು ಊಹಿಸಿಕೊಳ್ಳಿರಿ. ಅದನ್ನು ಕರವಸ್ತ್ರಗಳಾಗಿ ಕತ್ತರಿಸಿದರೆ ಹೆಚ್ಚೆಂದರೆ ಹತ್ತು ಕರವಸ್ತ್ರಗಳು ಕೆಟ್ಟು, ಮಿಕ್ಕವೆಲ್ಲ ಉಪಯೋಗಕ್ಕೆ ಬರುತ್ತವೆ. ಅದೇ ಬಟ್ಟೆಯನ್ನು ಅಂಗವಸ್ತ್ರಗಳಾಗಿ ಕತ್ತರಿಸಿದರೆ ತೂತಿಲ್ಲದ ಅಂಗವಸ್ತ್ರ ಸಿಕ್ಕುವುದೇ ಕಷ್ಟ. ಫಲಕ ದೊಡ್ಡದಾದಂತೆ ಬೆಲೆಯು ವಿಸ್ತೀರ್ಣಕ್ಕಿಂತಲೂ ಬೇಗ ಏರುವುದಕ್ಕೆ ಇದೇ ಮುಖ್ಯ ಕಾರಣ. ಆದಕಾರಣ 1999ರಲ್ಲಿ ಬಂದ ನಿಕಾನ್ ಡಿ1ರಂಥ ಕ್ಯಾಮೆರಾಗಳಲ್ಲಿ ಚಿಕ್ಕ ಫಲಕವನ್ನು ಅಳವಡಿಸಿದರು. ಅದರ ಅಳತೆ 1996ರಲ್ಲಿ ಬಂದಿದ್ದ ಎಪಿಎಸ್ ಎಂಬ ಫಿಲ್ಮಿನ ‘ಸಿ’ ಚೌಕಟ್ಟಿಗೆ ಹತ್ತಿರವಾಗಿದ್ದುದರಿಂದ ಎಪಿಎಸ್-ಸಿ ಎಂಬ ಹೆಸರು ನಿಂತಿತು. 2002ರಲ್ಲಿ ಬಂದ ಕ್ಯಾನನ್ 1ಡಿಎಸ್ ದೊಡ್ಡ ಫಲಕದ್ದು. ಬೆಲೆ ಸುಮಾರು 8000 ಡಾಲರು. ಮರುವರ್ಷ ಬಂದ ಚಿಕ್ಕ ಫಲಕದ ಕ್ಯಾನನ್ 300ಡಿ ಸುಮಾರು 900 ಡಾಲರಿಗೆ ದೊರೆಯಿತು. ಅಲ್ಲಿಂದೀಚೆಗೆ ದೊಡ್ಡ ಫಲಕದ ಬೆಲೆ ಬಹಳ ಇಳಿದಿದೆಯಾದರೂ ಎರಡರ ನಡುವಣ ಅಂತರ ಅಳಿದಿಲ್ಲ.

ಹೋಲಿಕೆಗಾಗಿ ನಾವು ಎರಡು ಕ್ಯಾಮೆರಾಗಳನ್ನು ಆರಿಸಿಕೊಳ್ಳೋಣ. ಒಂದು, 2018ರಲ್ಲಿ ಬಂದ ನಿಕಾನ್ ಡಿ3500. ಇದರ ಫಲಕ 23.5 ಮತ್ತು 15.6 ಮಿಲಿಮೀಟರಿನದು. ಇನ್ನೊಂದು, 2014ರ ನಿಕಾನ್ ಡಿ750. ಇದರ ಫಲಕ 35.9 ಮತ್ತು 24 ಮಿಲಿಮೀಟರಿನದು. ಎರಡರಲ್ಲಿಯೂ ಪಿಕ್ಸೆಲ್‌ಗಳ ಸಂಖ್ಯೆ ಹೆಚ್ಚು ಕಡಮೆ ಒಂದೇ, ಸುಮಾರು 2 ಕೋಟಿ 40 ಲಕ್ಷ. ಸಂಖ್ಯೆ ಒಂದೇ ಆಗಿರುವುದರಿಂದ ವ್ಯತ್ಯಾಸವೇನಿದ್ದರೂ ಅಳತೆಯಿಂದಲೇ ಬರಬೇಕು. ಆದುದರಿಂದ ಈ ಜೋಡಿ ನಮ್ಮ ಪರೀಕ್ಷೆಗೆ ಅನುಕೂಲವಾದುದು. ಚಿಕ್ಕದರಲ್ಲಿ ಒಂದೊಂದು ಪಿಕ್ಸೆಲ್‌ನ ಅಗಲ 3.9 ಮೈಕ್ರಾನ್, ದೊಡ್ಡದರಲ್ಲಿ 6 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಉದ್ದದಲ್ಲಿ ದೊಡ್ಡ ಫಲಕವು ಚಿಕ್ಕದರ 1.53ರಷ್ಟು, ವಿಸ್ತೀರ್ಣದಲ್ಲಿ 2.35ರಷ್ಟು. ಈ ಎರಡು ಸಂಖ್ಯೆಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಾಸಿವೆಯ ಪ್ರಯೋಗ

ಮಂದವಾದ ಬೆಳಕಿನಲ್ಲಿ ತೆಗೆದ ಚಿತ್ರವನ್ನು ನೋಡಿದವರಿಗೆ ಅದರಲ್ಲಿ ಮರಳು ಚೆಲ್ಲಿದಂತಹ ಕಲೆ ಕಾಣುವುದು ತಿಳಿದೇ ಇದೆ. ಒಂದೇ ಬಣ್ಣದ ಗೋಡೆಯೂ ಚುಕ್ಕೆಚುಕ್ಕೆಯಾಗಿ ತೋರುತ್ತದೆ. ಇದನ್ನು ಛಾಯಾಗ್ರಾಹಕರು ನಾಯ್ಸ್ ಎನ್ನುತ್ತಾರೆ, ನಾವು ಗದ್ದಲವೆನ್ನೋಣ. ಇದು ಯಂತ್ರದ ದೋಷವೆಂದೂ, ಹೆಚ್ಚು ಹಣ ಕೊಟ್ಟರೆ ದೋಷವಿಲ್ಲದ ಯಂತ್ರ ಸಿಕ್ಕುವುದೆಂದೂ ಬಹಳ ಜನ ಭಾವಿಸಿದ್ದಾರೆ. ವಾಸ್ತವವಾಗಿ ಈ ಗದ್ದಲದ ಬಹುಭಾಗ ಬೆಳಕಿನಲ್ಲಿಯೇ ಇದೆ.

ಬೆಳಕು ಎಡೆಬಿಡದ ಧಾರೆಯಲ್ಲ, ಅದು ಬಿಡಿಬಿಡಿಯಾದ ಶಕ್ತಿಯ ತುಣುಕುಗಳಾಗಿ ಬಂದು ಬೀಳುತ್ತದೆ ಎಂಬ ಭಾವನೆಯನ್ನು ಐನ್‌ಸ್ಟೈನ್ 1905ರಲ್ಲಿ ಮಂಡಿಸಿದನು. ಈ ತುಣುಕಿಗೆ ಫೋಟಾನ್ ಎಂದು ಹೆಸರು. ಫಲಕದ ಮೇಲೆ ಬಿದ್ದ ಫೋಟಾನ್ ಸಿಲಿಕಾನಿನಲ್ಲಿ ಒಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ. ಷಟರ್ ಮುಚ್ಚಿದ ಮೇಲೆ ಪ್ರತಿಯೊಂದು ಪಿಕ್ಸೆಲ್‌ನಲ್ಲಿ ಎಷ್ಟು ಎಲೆಕ್ಟ್ರಾನುಗಳು ಕೂಡಿವೆಯೆಂದು ಕ್ಯಾಮೆರಾ ಅಳೆಯುತ್ತದೆ. ಚಿತ್ರವೆಂದರೆ ಈ ಎಣಿಕೆಗಳ ಪಟ್ಟಿ, ಅಷ್ಟೆ.

ಹಾಗಾದರೆ ಸಮನಾಗಿ ಬೆಳಗಿದ ಗೋಡೆಯಿಂದ ಎಲ್ಲ ಪಿಕ್ಸೆಲ್‌ಗಳಿಗೂ ಸಮಸಂಖ್ಯೆಯ ಫೋಟಾನುಗಳು ಬರಬೇಕಲ್ಲವೇ? ಬರುವುದಿಲ್ಲ. ಏಕೆಂಬುದನ್ನು ಮನೆಯಲ್ಲಿಯೇ ನೋಡಬಹುದು. ಬಿಳಿಯ ಬಟ್ಟೆಯೊಂದರ ಮೇಲೆ ಚದುರಂಗದ ಮಣೆಯಂತೆ 64 ಚೌಕಗಳನ್ನು ಗೆರೆ ಹಾಕಿ, ಕಾಳು ಪುಟಿಯದಂತೆ ಬಟ್ಟೆಯನ್ನು ಒದ್ದೆಮಾಡಿ ಹಾಸಿರಿ. 640 ಸಾಸಿವೆ ಕಾಳುಗಳನ್ನು ಎಣಿಸಿಕೊಂಡು, ಜರಡಿಯ ಮೂಲಕ ಎಲ್ಲ ಕಡೆಗೂ ಒಂದೇ ಸಮನಾಗಿ ಬೀಳುವಂತೆ ಮೇಲಿನಿಂದ ಚೆಲ್ಲಿರಿ. ಚೌಕವೊಂದಕ್ಕೆ ಸರಾಸರಿ 10 ಕಾಳು ಬೀಳಬೇಕು. ಎಣಿಸಿ ನೋಡಿದರೆ ಒಂದರಲ್ಲಿ 7, ಇನ್ನೊಂದರಲ್ಲಿ 13, ಮತ್ತೊಂದರಲ್ಲಿ 9, ಎಲ್ಲಿಯೋ ಒಂದರಲ್ಲಿ 16 ಇರುವುದುಂಟು. ಸುಮಾರು ಮೂರರಲ್ಲಿ ಎರಡು ಭಾಗ ಚೌಕಗಳು 7 ಮತ್ತು 13ರ ನಡುವೆ ಇರುತ್ತವೆ. ಅಂದರೆ 10ರಿಂದ ಆಚೀಚೆ 3ರಷ್ಟು ಏರುಪೇರು. ಈಗ ನಾಲ್ಕು ನಾಲ್ಕು ಚೌಕಗಳನ್ನು ಕೂಡಿಸಿ 16 ದೊಡ್ಡ ಚೌಕಗಳನ್ನು ಮಾಡಿಕೊಳ್ಳಿರಿ. ಸರಾಸರಿ 40 ಆಗುತ್ತದೆ. ಏರುಪೇರಾದರೋ 12 ಆಗದೆ ಸುಮಾರು 6 ಆಗುತ್ತದೆ. 10ರ ವರ್ಗಮೂಲ 3.2, 40ರ ವರ್ಗಮೂಲ 6.3. ಕಾಳುಗಳು ಒಂದನ್ನೊಂದು ಲೆಕ್ಕಿಸದೆ ತಮ್ಮಷ್ಟಕ್ಕೆ ತಾವು ಬೀಳುವ ಕಡೆಯಲ್ಲೆಲ್ಲ ಈ ನಿಯಮ ಸಲ್ಲುತ್ತದೆ: ಸರಾಸರಿ ಎಣಿಕೆ ಎಷ್ಟೋ, ಅದರ ವರ್ಗಮೂಲದಷ್ಟು ಏರುಪೇರು. ಫೋಟಾನುಗಳು ಬೀಳುವ ಕ್ರಮವೂ ಇದೇ.

ಇದರಿಂದ ಹೊರಡುವ ತಾತ್ಪರ್ಯ ಮುಖ್ಯವಾದುದು. 100 ಫೋಟಾನುಗಳಿದ್ದರೆ ಗದ್ದಲ 10. ಬೆಳಕು ಗದ್ದಲದ 10ರಷ್ಟು. 10,000 ಇದ್ದರೆ ಗದ್ದಲ 100. ಬೆಳಕು ಗದ್ದಲದ 100ರಷ್ಟು. ಬೆಳಕು ಹೆಚ್ಚಿದಂತೆ ಗದ್ದಲವೂ ಹೆಚ್ಚುತ್ತದೆ, ಆದರೆ ನಿಧಾನವಾಗಿ. ಬೆಳಕನ್ನು ನಾಲ್ಕರಷ್ಟು ಕೂಡಿಸಿದರೆ ಚಿತ್ರದ ಶುದ್ಧತೆ ಎರಡರಷ್ಟಾಗುತ್ತದೆ. ದೊಡ್ಡ ಫಲಕ ಚಿಕ್ಕದರ 2.35ರಷ್ಟು ಬೆಳಕನ್ನು ಪಡೆದರೆ ಅದರ ಚಿತ್ರ 2.35ರ ವರ್ಗಮೂಲದಷ್ಟು, ಎಂದರೆ 1.53ರಷ್ಟು, ಶುದ್ಧವಾಗಿರುತ್ತದೆ. ದೊಡ್ಡ ಫಲಕದ ಪ್ರಸಿದ್ಧವಾದ ಮೇಲ್ಮೆ ಇಷ್ಟೇ.

ಇಲ್ಲಿ ಒಂದು ಸಂದೇಹ ಬರಬಹುದು. ದೊಡ್ಡ ಫಲಕಕ್ಕೆ ಹೆಚ್ಚು ಬೆಳಕು ಬಿದ್ದರೆ ಅದರ ಚಿತ್ರ ಹೆಚ್ಚು ಬೆಳ್ಳಗೆ ಏಕೆ ಕಾಣುವುದಿಲ್ಲ? ಒಂದು ಚದರ ಮಿಲಿಮೀಟರಿಗೆ ಬೀಳುವ ಬೆಳಕು ಎರಡರಲ್ಲಿಯೂ ಒಂದೇ. ಚಿತ್ರದ ಹೊಳಪು ಅದನ್ನು ಅನುಸರಿಸುತ್ತದೆ. ಇಡೀ ಚಿತ್ರಕ್ಕೆ ಸೇರಿದ ಒಟ್ಟು ಫೋಟಾನುಗಳು ದೊಡ್ಡದರಲ್ಲಿ ಹೆಚ್ಚು. ಗದ್ದಲ ಈ ಒಟ್ಟನ್ನು ಅನುಸರಿಸುತ್ತದೆ. ಹೊಳಪು ಬೇರೆ, ಶುದ್ಧತೆ ಬೇರೆ.

ಹಗಲು ಮತ್ತು ಇರುಳು

ಈ 1.53ರಷ್ಟು ಮೇಲ್ಮೆ ಕಣ್ಣಿಗೆ ಕಾಣುವುದೇ? ಲೆಕ್ಕಕ್ಕಾಗಿ, ಐಎಸ್ಓ 100 ಎಂಬ ಏರ್ಪಾಡಿನಲ್ಲಿ ಚಿತ್ರದ ಅತ್ಯಂತ ಬೆಳ್ಳನೆಯ ಭಾಗದಲ್ಲಿ ಚಿಕ್ಕ ಪಿಕ್ಸೆಲ್ 30,000 ಎಲೆಕ್ಟ್ರಾನುಗಳನ್ನೂ, ದೊಡ್ಡ ಪಿಕ್ಸೆಲ್ 70,000 ಎಲೆಕ್ಟ್ರಾನುಗಳನ್ನೂ ಕೂಡಿಸುತ್ತದೆಂದು ಇಟ್ಟುಕೊಳ್ಳೋಣ. ವರ್ಗಮೂಲಗಳು 173 ಮತ್ತು 265. ಚಿಕ್ಕದರಲ್ಲಿ ಬೆಳಕು ಗದ್ದಲದ 173ರಷ್ಟು, ದೊಡ್ಡದರಲ್ಲಿ 265ರಷ್ಟು. ಗೋಡೆಯ ಬಿಳುಪಿನಲ್ಲಿ ನೂರಕ್ಕೆ ಅರ್ಧಭಾಗದಷ್ಟು ಏರುಪೇರಾದರೂ ಅದರಲ್ಲಿಯೂ ಕಡಮೆಯಾದರೂ ನಮ್ಮ ಕಣ್ಣಿಗೆ ಎರಡೂ ಒಂದೇ. ಬಿಸಿಲಿನಲ್ಲಿ ತೆಗೆದ ಎರಡು ಚಿತ್ರಗಳನ್ನು ಒಂದೇ ಅಳತೆಗೆ ಮುದ್ರಿಸಿ ಮುಂದಿಟ್ಟರೆ ಯಾವುದು ಯಾವುದರಿಂದ ಬಂದಿತೆಂದು ಹೇಳುವುದು ನುರಿತವರಿಗೂ ಸುಲಭವಲ್ಲ.

ಈಗ ಇರುಳಿನ ಯಕ್ಷಗಾನದ ರಂಗಸ್ಥಳಕ್ಕೆ ಹೋಗೋಣ. ದೀಪ ಸಾಲದು; ವೇಷಧಾರಿ ದಿಗಿಣ ಹಾಕುತ್ತಿರುವುದರಿಂದ ಷಟರನ್ನು ಹೆಚ್ಚು ಹೊತ್ತು ತೆರೆದಿಡುವಂತಿಲ್ಲ. ಕ್ಯಾಮೆರಾವನ್ನು ಐಎಸ್ಓ 6400ಕ್ಕೆ ಏರಿಸಬೇಕಾಗುತ್ತದೆ. ಐಎಸ್ಓ ಏರಿಸಿದರೆ ಫಲಕ ಹೆಚ್ಚು ಬೆಳಕನ್ನು ಹೀರುತ್ತದೆಂದು ತಿಳಿಯಕೂಡದು. ಸಿಕ್ಕಿದ ಅಲ್ಪ ಎಣಿಕೆಯನ್ನು ಕ್ಯಾಮೆರಾ ಹಿಗ್ಗಿಸಿ ತೋರಿಸುತ್ತದೆ, ಅಷ್ಟೇ. ಈಗ ಕೂಡುವ ಬೆಳಕು ಮೊದಲಿನದರ 64ರಲ್ಲೊಂದು ಭಾಗ. ಕಿರೀಟದ ಹೊಳೆಯುವ ಅಂಚಿನಲ್ಲಿ ಚಿಕ್ಕ ಪಿಕ್ಸೆಲ್‌ಗೆ 469, ದೊಡ್ಡದಕ್ಕೆ 1094 ಎಲೆಕ್ಟ್ರಾನುಗಳು. ಶುದ್ಧತೆ 22 ಮತ್ತು 33. ಇನ್ನು ಅದಕ್ಕಿಂತ 16ರಷ್ಟು ಮಬ್ಬಾದ ಮಡಿಕೆಗಳ ನೆರಳನ್ನು ನೋಡಿದರೆ ಎಣಿಕೆ 29 ಮತ್ತು 68; ಶುದ್ಧತೆ 5.4 ಮತ್ತು 8.3. ದೂರದರ್ಶನದ ಕೊಳವೆಗಳ ಮೇಲೆ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿ ಆಲ್ಬರ್ಟ್ ರೋಸ್, ಚಿತ್ರದಲ್ಲಿ ಒಂದು ವಿವರವನ್ನು ಕಣ್ಣು ತಪ್ಪಿಲ್ಲದೆ ಗುರುತಿಸಬೇಕಾದರೆ ಆ ವಿವರದ ಸಂಕೇತ ಗದ್ದಲದ ಸುಮಾರು ಐದರಷ್ಟಾದರೂ ಇರಬೇಕೆಂದು 1940ರ ದಶಕದಲ್ಲಿಯೇ ತೋರಿಸಿದ್ದನು. ಚಿಕ್ಕ ಫಲಕ ಈ ಅಂಚಿನ ಮೇಲೆ ನಿಂತಿದೆ. ದೊಡ್ಡದು ಇನ್ನೂ ಸ್ವಲ್ಪ ಒಳಗಿದೆ. ಎಲೆಕ್ಟ್ರಾನುಗಳನ್ನು ಎಣಿಸುವಾಗ ಕ್ಯಾಮೆರಾ ತಾನೇ ಸೇರಿಸುವ ಕೆಲವು ಎಲೆಕ್ಟ್ರಾನುಗಳ ತಪ್ಪು ಕೂಡ ಇಂತಹ ನೆರಳಿನಲ್ಲಿಯೇ ಬಾಧಿಸುತ್ತದೆ. ಆದುದರಿಂದ ವ್ಯತ್ಯಾಸ ಕಾಣುವುದು ಇರುಳಿನಲ್ಲಿ, ಅದರಲ್ಲಿಯೂ ನೆರಳಿನಲ್ಲಿ.

ರಂಧ್ರದ ಮಹತ್ವ

ಇಷ್ಟು ಹೇಳಿದ ಮೇಲೆ ದೊಡ್ಡ ಫಲಕವನ್ನೇ ಕೊಳ್ಳಬೇಕೆಂಬ ತೀರ್ಮಾನಕ್ಕೆ ವಾಚಕರು ಬಂದಿರಬಹುದು. ಸ್ವಲ್ಪ ತಾಳಬೇಕು. ಫಲಕದ ಮೇಲೆ ಬೀಳುವ ಫೋಟಾನುಗಳೆಲ್ಲ ಮಸೂರದ ರಂಧ್ರದ ಮೂಲಕವೇ ಒಳಕ್ಕೆ ಬರಬೇಕಷ್ಟೆ. ದೃಶ್ಯ ಒಂದೇ, ನಾವು ನಿಂತ ಸ್ಥಳ ಒಂದೇ, ಷಟರ್ ತೆರೆದ ಹೊತ್ತು ಒಂದೇ ಎಂದಾದರೆ, ಒಳಗೆ ಬರುವ ಫೋಟಾನುಗಳ ಸಂಖ್ಯೆಯನ್ನು ನಿರ್ಧರಿಸುವುದು ಆ ರಂಧ್ರದ ವಿಸ್ತೀರ್ಣ. ಹಿಂದೆ ಇರುವ ಫಲಕ ದೊಡ್ಡದೋ ಚಿಕ್ಕದೋ ಎಂಬುದನ್ನು ಫೋಟಾನುಗಳು ಕೇಳುವುದಿಲ್ಲ.

ಮಸೂರದ ಮೇಲೆ ಬರೆದಿರುವ 1.8, 4, 5.6 ಮುಂತಾದ ಎಫ್ ಸಂಖ್ಯೆಗಳು ರಂಧ್ರದ ಅಗಲವನ್ನು ನೇರವಾಗಿ ಹೇಳುವುದಿಲ್ಲ. ಸಂಗಮದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ರಂಧ್ರದ ವ್ಯಾಸ ಬರುತ್ತದೆ. ಚಿಕ್ಕ ಫಲಕದ ಕ್ಯಾಮೆರಾದಲ್ಲಿ 35 ಮಿಲಿಮೀಟರಿನ ಮಸೂರ ಎಷ್ಟು ಅಗಲದ ದೃಶ್ಯವನ್ನು ತೋರಿಸುತ್ತದೆಯೋ, ಅಷ್ಟೇ ದೃಶ್ಯವನ್ನು ದೊಡ್ಡ ಫಲಕದಲ್ಲಿ ತೋರಿಸಲು 35ರ 1.53ರಷ್ಟು, ಎಂದರೆ ಸುಮಾರು 53 ಮಿಲಿಮೀಟರಿನ ಮಸೂರ ಬೇಕು. ಈಗ ನಾಲ್ಕು ಸಂದರ್ಭಗಳನ್ನು ನೋಡೋಣ.

ಮೊದಲನೆಯದು: ಚಿಕ್ಕ ಕ್ಯಾಮೆರಾ, ಅದರ ಜೊತೆಯಲ್ಲಿಯೇ ಬರುವ 18ರಿಂದ 55 ಮಿಲಿಮೀಟರಿನ ಸಾಧಾರಣ ಮಸೂರ. 35 ಮಿಲಿಮೀಟರಿನಲ್ಲಿ ಇದರ ಅತ್ಯಂತ ದೊಡ್ಡ ತೆರವು ಸುಮಾರು ಎಫ್ 4.5. ರಂಧ್ರದ ವ್ಯಾಸ 35 ಭಾಗಿಸು 4.5, ಅಂದರೆ 7.8 ಮಿಲಿಮೀಟರು. ಇದು ತರುವ ಬೆಳಕನ್ನು 1 ಎಂದು ಕರೆಯೋಣ.

ಎರಡನೆಯದು: ದೊಡ್ಡ ಕ್ಯಾಮೆರಾ, 24ರಿಂದ 120 ಮಿಲಿಮೀಟರಿನ ಎಫ್ 4 ಮಸೂರ. ಇದು ದುಬಾರಿಯಾದುದು, ತೂಕದಲ್ಲಿ 700 ಗ್ರಾಮಿಗೂ ಮೇಲೆ. 53 ಮಿಲಿಮೀಟರಿನಲ್ಲಿ ರಂಧ್ರದ ವ್ಯಾಸ ಸುಮಾರು 13.4 ಮಿಲಿಮೀಟರು. ವ್ಯಾಸಗಳ ಅನುಪಾತವನ್ನು ವರ್ಗಮಾಡಿದರೆ ಬೆಳಕು ಸುಮಾರು 3.

ಮೂರನೆಯದು: ಮೊದಲಿನ ಚಿಕ್ಕ ಕ್ಯಾಮೆರಾವೇ, ಆದರೆ ಅದಕ್ಕೆ 35 ಮಿಲಿಮೀಟರಿನ ಎಫ್ 1.8 ಮಸೂರ. ಇದು ಹಿಗ್ಗದ, ಕುಗ್ಗದ, ಹಗುರವಾದ ಒಂದು ಸರಳ ಮಸೂರ. ರಂಧ್ರದ ವ್ಯಾಸ 19.4 ಮಿಲಿಮೀಟರು, ಬೆಳಕು 6ಕ್ಕಿಂತ ಸ್ವಲ್ಪ ಹೆಚ್ಚು.

ನಾಲ್ಕನೆಯದು: ದೊಡ್ಡ ಕ್ಯಾಮೆರಾ, 50 ಮಿಲಿಮೀಟರಿನ ಎಫ್ 1.8 ಮಸೂರ. ರಂಧ್ರ 27.8 ಮಿಲಿಮೀಟರು, ಬೆಳಕು ಸುಮಾರು 13.

ಎರಡನೆಯ ಮತ್ತು ಮೂರನೆಯ ಸಾಲುಗಳನ್ನು ವಾಚಕರು ಮತ್ತೊಮ್ಮೆ ನೋಡಬೇಕು. ಕ್ಯಾಮೆರಾವನ್ನೇ ಬದಲಾಯಿಸಿ ದೊಡ್ಡ ಫಲಕಕ್ಕೆ ಹೋದವನಿಗೆ ದೊರೆತುದು ಮೂರರಷ್ಟು ಬೆಳಕು. ಹಳೆಯ ಕ್ಯಾಮೆರಾವನ್ನೇ ಇಟ್ಟುಕೊಂಡು ಒಂದು ಸರಳ ಮಸೂರವನ್ನು ಕೊಂಡವನಿಗೆ ದೊರೆತುದು ಆರರಷ್ಟು. ಶುದ್ಧತೆಯ ಲೆಕ್ಕದಲ್ಲಿ ಮೊದಲಿನವನ ಲಾಭ 1.7, ಎರಡನೆಯವನ ಲಾಭ 2.5. ದೊಡ್ಡ ಫಲಕದ ಹಿರಿಮೆ ಅದಕ್ಕೆ ತಕ್ಕ ದೊಡ್ಡ ರಂಧ್ರದ ಗಾಜನ್ನು ಜೋಡಿಸಿದಾಗ ಮಾತ್ರ, ನಾಲ್ಕನೆಯ ಸಂದರ್ಭದಲ್ಲಿರುವಂತೆ, ಪೂರ್ತಿಯಾಗಿ ಪ್ರಕಟವಾಗುತ್ತದೆ.

ಖಗೋಳಜ್ಞರಿಗೆ ಇದು ಹೊಸ ಮಾತಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಲ್ಲಿರುವ ತಮ್ಮ ದೂರದರ್ಶಕವನ್ನು 2.34 ಮೀಟರಿನದೆಂದೂ, ಲಡಾಖಿನ ಹಾನ್ಲೆಯಲ್ಲಿದ್ದು ಹೊಸಕೋಟೆಯಿಂದ ನಡೆಸಲ್ಪಡುವ ಇನ್ನೊಂದನ್ನು 2 ಮೀಟರಿನದೆಂದೂ ಹೇಳುತ್ತಾರೆ. ಅದು ಬೆಳಕನ್ನು ಹಿಡಿಯುವ ಕನ್ನಡಿಯ ವ್ಯಾಸ. ಅದರ ಹಿಂದಿನ ಫಲಕದ ಅಳತೆಯಿಂದ ದೂರದರ್ಶಕವನ್ನು ಯಾರೂ ಗುರುತಿಸುವುದಿಲ್ಲ.

ದೊಡ್ಡ ರಂಧ್ರಕ್ಕೂ ಒಂದು ತೆರಿಗೆಯುಂಟು. ರಂಧ್ರ ದೊಡ್ಡದಾದಂತೆ ಸ್ಪಷ್ಟವಾಗಿ ಮೂಡುವ ಆಳ ಕಿರಿದಾಗುತ್ತದೆ. ಮುಖದ ಕಣ್ಣು ಸ್ಪಷ್ಟವಾಗಿದ್ದರೆ ಕಿವಿ ಮಸುಕಾಗುತ್ತದೆ. ಹಿನ್ನೆಲೆಯನ್ನು ಮಸುಕಾಗಿಸುವ ಸೊಗಸು ದೊಡ್ಡ ಫಲಕಕ್ಕೆ ಸೇರಿದ್ದೆಂದು ಹೇಳುವುದುಂಟು. ಅದು ಕೂಡ ರಂಧ್ರಕ್ಕೆ ಸೇರಿದ ಗುಣ. ದೃಶ್ಯವೂ ರಂಧ್ರದ ವ್ಯಾಸವೂ ಒಂದೇ ಆದರೆ ಎರಡು ಫಲಕಗಳಲ್ಲಿಯೂ ಮಸುಕು ಒಂದೇ, ಗದ್ದಲವೂ ಬಹುಮಟ್ಟಿಗೆ ಒಂದೇ.

ಚಂದ್ರನೂ ವಿವರ್ತನೆಯೂ

ಚಿಕ್ಕ ಫಲಕ ದೂರದ ವಸ್ತುವನ್ನು ಹತ್ತಿರಕ್ಕೆ ತರುತ್ತದೆಂಬ ಮಾತೂ ಪ್ರಚಾರದಲ್ಲಿದೆ. ಇದನ್ನು ಚಂದ್ರನ ಮೇಲೆ ಪರೀಕ್ಷಿಸೋಣ. ಚಂದ್ರನ ದೂರ ಅದರ ವ್ಯಾಸದ ಸುಮಾರು 110ರಷ್ಟು. ಆದುದರಿಂದ 200 ಮಿಲಿಮೀಟರು ಸಂಗಮದೂರದ ಮಸೂರದಲ್ಲಿ ಚಂದ್ರಬಿಂಬದ ವ್ಯಾಸ 200 ಭಾಗಿಸು 110, ಅಂದರೆ 1.8 ಮಿಲಿಮೀಟರು. ಹಿಂದೆ ಯಾವ ಫಲಕವಿದ್ದರೂ ಬಿಂಬ ಅಷ್ಟೇ. ಆದರೆ ಆ 1.8 ಮಿಲಿಮೀಟರಿನೊಳಗೆ ಚಿಕ್ಕ ಫಲಕದ ಸುಮಾರು 460 ಪಿಕ್ಸೆಲ್‌ಗಳೂ, ದೊಡ್ಡದರ ಸುಮಾರು 300 ಪಿಕ್ಸೆಲ್‌ಗಳೂ ಸಾಲಾಗಿ ಕೂರುತ್ತವೆ. ಮಸೂರ ಒಳ್ಳೆಯದಾಗಿದ್ದರೆ ಚಂದ್ರನ ಕುಳಿಗಳ ವಿವರ ಚಿಕ್ಕ ಫಲಕದಲ್ಲಿಯೇ ಹೆಚ್ಚು. ಹಕ್ಕಿಗಳ ಚಿತ್ರ ತೆಗೆಯುವವರಲ್ಲಿ ಅನೇಕರು ಚಿಕ್ಕ ಫಲಕವನ್ನು ಬಿಡದಿರುವುದಕ್ಕೆ ಇದೇ ಕಾರಣ.

ಇದಕ್ಕೆ ಪ್ರತಿಯಾಗಿ ಚಿಕ್ಕ ಫಲಕದ ಬಿಂಬವನ್ನು ಹೆಚ್ಚು ಹಿಗ್ಗಿಸಬೇಕಾಗುತ್ತದೆ. 36 ಸೆಂಟಿಮೀಟರು ಅಗಲದ ಚಿತ್ರ ಮುದ್ರಿಸಲು ದೊಡ್ಡದನ್ನು 10ರಷ್ಟು ಹಿಗ್ಗಿಸಿದರೆ ಸಾಕು, ಚಿಕ್ಕದನ್ನು 15ರಷ್ಟು ಹಿಗ್ಗಿಸಬೇಕು. ಮಸೂರದ ದೋಷವೂ ಜೊತೆಯಲ್ಲಿಯೇ ಹಿಗ್ಗುತ್ತದೆ. ಹೀಗಾಗಿ ಚಿಕ್ಕ ಫಲಕಕ್ಕೆ ಒಳ್ಳೆಯ ಗಾಜು ಇನ್ನೂ ಹೆಚ್ಚು ಅಗತ್ಯ.

ರಂಧ್ರವನ್ನು ಅತಿಯಾಗಿ ಕಿರಿದುಮಾಡಿದರೆ ಬೆಳಕಿನ ಅಲೆಗಳು ಅಂಚಿನಲ್ಲಿ ಬಾಗಿ ಹರಡುತ್ತವೆ, ಇದೇ ವಿವರ್ತನೆ. ಬಿಂದುವಿನ ಬಿಂಬ ಬಿಂದುವಾಗದೆ ಒಂದು ಸಣ್ಣ ಬಿಲ್ಲೆಯಾಗುತ್ತದೆ. ಹಸುರು ಬೆಳಕಿಗೆ, ಎಫ್ 16ರಲ್ಲಿ, ಬಿಲ್ಲೆಯ ವ್ಯಾಸ ಸುಮಾರು 21 ಮೈಕ್ರಾನ್. ಚಿಕ್ಕ ಫಲಕದಲ್ಲಿ ಇದು ಐದೂವರೆ ಪಿಕ್ಸೆಲ್‌ಗಳನ್ನು ಆವರಿಸಿದರೆ ದೊಡ್ಡದರಲ್ಲಿ ಮೂರೂವರೆಯಷ್ಟನ್ನು ಮಾತ್ರ ಆವರಿಸುತ್ತದೆ. ಇಲ್ಲಿ ಮತ್ತೆ ದೊಡ್ಡದು ಗೆದ್ದಿತೆಂದು ತೋರುತ್ತದೆ. ಆದರೆ ದೊಡ್ಡದರಲ್ಲಿ ಎಫ್ 16 ಕೊಡುವ ಆಳವನ್ನು ಚಿಕ್ಕದು ಎಫ್ 10.5ರಲ್ಲಿಯೇ ಕೊಡುತ್ತದೆ, ಮತ್ತು ಅಲ್ಲಿ ಬಿಲ್ಲೆ ಮೂರೂವರೆ ಪಿಕ್ಸೆಲ್‌ನಷ್ಟೇ ಇರುತ್ತದೆ. ಎಫ್ ಸಂಖ್ಯೆಯನ್ನು ಬಿಟ್ಟು ರಂಧ್ರದ ವ್ಯಾಸವನ್ನು ನೋಡಿದರೆ ವಿವಾದವೇ ಇಲ್ಲ.

ನ್ಯಾಯವಾದ ಪರೀಕ್ಷೆ

ನಮ್ಮ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ಎರಡು ಬಗೆಯ ಕ್ಯಾಮೆರಾಗಳು ಒಂದು ದಿನದ ಮಟ್ಟಿಗೆ ದೊರೆತರೆ ಯಾವ ಕಾಲೇಜಿನ ವಿದ್ಯಾರ್ಥಿಗಳಾದರೂ ಈ ಪರೀಕ್ಷೆಯನ್ನು ನಡೆಸಬಹುದು. ಕತ್ತಲೆಯ ಕೋಣೆಯಲ್ಲಿ ಒಂದು ಮಂದ ದೀಪದ ಕೆಳಗೆ ಬಿಳಿ, ಬೂದು ಮತ್ತು ಕಪ್ಪು ಬಟ್ಟೆಗಳನ್ನೂ ಸಣ್ಣಕ್ಷರದ ಒಂದು ಪುಸ್ತಕವನ್ನೂ ಇಡಿರಿ. ಕ್ಯಾಮೆರಾಗಳನ್ನು ಒಂದಾದ ಮೇಲೊಂದರಂತೆ ಒಂದೇ ಮುಕ್ಕಾಲಿಯ ಮೇಲೆ, ಒಂದೇ ಸ್ಥಳದಲ್ಲಿ ನಿಲ್ಲಿಸಿರಿ. ಚಿಕ್ಕದರಲ್ಲಿ 35, ದೊಡ್ಡದರಲ್ಲಿ 53 ಮಿಲಿಮೀಟರು ಇಟ್ಟು, ಚೌಕಟ್ಟಿನಲ್ಲಿ ದೃಶ್ಯ ಒಂದೇ ಆಗುವಂತೆ ನೋಡಿಕೊಳ್ಳಿರಿ. ಜೆಪೆಗ್ ಚಿತ್ರದಲ್ಲಿ ಕ್ಯಾಮೆರಾದೊಳಗಿನ ಗಣಕವೇ ಗದ್ದಲವನ್ನು ಒರಸಿ, ಅದರೊಡನೆ ವಿವರವನ್ನೂ ಒರಸಿರುತ್ತದೆ. ಆದುದರಿಂದ ‘ರಾ’ ಎಂಬ ಕಚ್ಚಾ ರೂಪದಲ್ಲಿಯೇ ಉಳಿಸಿಕೊಳ್ಳಬೇಕು.

ಮೊದಲ ಸುತ್ತಿನಲ್ಲಿ ಎರಡಕ್ಕೂ ಎಫ್ ಸಂಖ್ಯೆ, ಷಟರ್, ಐಎಸ್ಓ ಮೂರೂ ಒಂದೇ ಇರಲಿ. ದೊಡ್ಡದರ ಚಿತ್ರ ಶುದ್ಧವಾಗಿಯೂ ಅದರ ಆಳ ಕಿರಿದಾಗಿಯೂ ಕಾಣುತ್ತದೆ. ಎರಡನೆಯ ಸುತ್ತಿನಲ್ಲಿ ಷಟರ್ ಒಂದೇ ಇರಲಿ. ಚಿಕ್ಕದಕ್ಕೆ ಎಫ್ 4, ಐಎಸ್ಓ 800. ದೊಡ್ಡದಕ್ಕೆ ಎಫ್ 6.3, ಐಎಸ್ಓ 2000. ಈಗ ರಂಧ್ರಗಳ ವ್ಯಾಸ ಹೆಚ್ಚು ಕಡಮೆ ಒಂದೇ. ಎರಡು ಚಿತ್ರಗಳನ್ನೂ ಒಂದೇ ಅಳತೆಗೆ ಮುದ್ರಿಸಿ, ಹೆಸರು ಹೇಳದೆ ಗೆಳೆಯರ ಮುಂದಿಡಿರಿ. ಗಣಕದ ಪರದೆಯ ಮೇಲೆ ಪಿಕ್ಸೆಲ್ ಪಿಕ್ಸೆಲ್ ಬಿಡಿಸಿ ನೋಡುವುದು ಹೋಲಿಕೆಯಲ್ಲ. ಪಿಕ್ಸೆಲ್‌ಗಳ ಸಂಖ್ಯೆ ಬೇರೆಯಾದ ಕ್ಯಾಮೆರಾಗಳಲ್ಲಂತೂ ಅದು ದಾರಿ ತಪ್ಪಿಸುತ್ತದೆ. ನೋಡುವವನ ಕಣ್ಣಿಗೆ ಬರುವುದು ಇಡೀ ಚಿತ್ರ.

ಫಲಕಗಳ ವಯಸ್ಸನ್ನೂ ಗಮನಿಸತಕ್ಕದ್ದು. ಬಿದ್ದ ಫೋಟಾನುಗಳಲ್ಲಿ ಎಷ್ಟು ಭಾಗ ಎಲೆಕ್ಟ್ರಾನುಗಳಾಗುತ್ತವೆಂಬುದು ತಯಾರಿಕೆಯ ಜಾಣ್ಮೆಯನ್ನು ಅವಲಂಬಿಸಿದೆ. ಇಂದಿನ ಒಳ್ಳೆಯ ಫಲಕಗಳು ಹಸುರು ಬೆಳಕಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಹಿಡಿಯುತ್ತವೆ. 2000ರ ದಶಕದ ಆದಿಭಾಗದ ಫಲಕಗಳು ಅಷ್ಟು ಸಮರ್ಥವಾಗಿರಲಿಲ್ಲ. ಬಹಳ ಹಳೆಯದಾದ ದೊಡ್ಡ ಫಲಕದ ಕ್ಯಾಮೆರಾವನ್ನು ‘ಫುಲ್ ಫ್ರೇಮ್’ ಎಂಬ ಹೆಸರಿಗೆ ಮರುಳಾಗಿ ಕೊಳ್ಳುವವರು ಇದನ್ನು ಮರೆಯಬಾರದು.

ಯಾವುದನ್ನು ಕೊಳ್ಳಬೇಕು?

ಹಗಲಿನ ದೃಶ್ಯ, ಗಿಡಮರ, ಪ್ರವಾಸ, ಪ್ರಯೋಗಶಾಲೆಯ ದಾಖಲೆ, ದೂರದ ಹಕ್ಕಿ ಇವುಗಳಿಗೆ ಚಿಕ್ಕ ಫಲಕ ಧಾರಾಳವಾಗಿ ಸಾಕು. ಇರುಳಿನಲ್ಲಿ ಅಲುಗಾಡದ ದೇವಾಲಯ, ಬೀದಿ ಅಥವಾ ಶಿಲ್ಪವನ್ನು ತೆಗೆಯುವವರಿಗೆ ಫಲಕಕ್ಕಿಂತ ಮುಕ್ಕಾಲಿಯೇ ಮೇಲು. ಷಟರನ್ನು ಸೆಕೆಂಡಿನ ಮೂವತ್ತರಲ್ಲೊಂದು ಭಾಗಕ್ಕೆ ಬದಲಾಗಿ ಒಂದು ಪೂರ್ತಿ ಸೆಕೆಂಡು ತೆರೆದಿಟ್ಟರೆ ಮೂವತ್ತರಷ್ಟು ಬೆಳಕು ಸಿಗುತ್ತದೆ. ಈ ಲಾಭದ ಮುಂದೆ ದೊಡ್ಡ ಫಲಕದ 2.35 ಏನೂ ಅಲ್ಲ. ಮಂದ ಬೆಳಕಿನಲ್ಲಿ ಚಲಿಸುವವರನ್ನು ತೆಗೆಯಬೇಕಾದರೆ ಮೊದಲು ಕೊಳ್ಳಬೇಕಾದುದು ಎಫ್ 1.8ರಂಥ ಒಂದು ಸರಳ ಮಸೂರ. ಅಷ್ಟಾದ ಮೇಲೂ ಬೆಳಕು ಸಾಲದೆಂದು, ರಂಗಭೂಮಿ, ನೃತ್ಯ, ಮದುವೆ ಮುಂತಾದುವುಗಳ ಚಿತ್ರಗಳನ್ನೇ ವೃತ್ತಿಯಾಗಿ ತೆಗೆಯುವವರಿಗೆ ದೊಡ್ಡ ಫಲಕವೂ ಅದಕ್ಕೊಪ್ಪುವ ದೊಡ್ಡ ಗಾಜೂ ಕೊಟ್ಟ ಹಣಕ್ಕೆ ತಕ್ಕ ಪ್ರಯೋಜನವನ್ನು ನೀಡುತ್ತವೆ.

ಆದುದರಿಂದ ವಿದ್ಯಾರ್ಥಿಗಳು ಅಂಗಡಿಗೆ ಹೋದಾಗ ಫಲಕ ಎಷ್ಟು ದೊಡ್ಡದೆಂದು ಕೇಳುವುದಕ್ಕೆ ಮೊದಲು, ತಾವು ತೆಗೆಯುವ ಚಿತ್ರಕ್ಕೆ ಎಷ್ಟು ಬೆಳಕು ಬೇಕು, ಅದು ಎಷ್ಟು ಅಗಲದ ರಂಧ್ರದಿಂದ ಎಷ್ಟು ಹೊತ್ತು ಒಳಕ್ಕೆ ಬರುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ಲೆಕ್ಕ ಹಾಕಿಕೊಳ್ಳಲಿ. ಅದಕ್ಕೆ ಐದು ನಿಮಿಷ ಸಾಕು.